ಅಂಬಾಸಿಡರಿನ ರೇಡಿಯೇಟರ್ ಮತ್ತು ಒಂದು ಕಪ್ಪು ವೈರು

ನಮ್ಮ ಮನೆಯ ಪೋರ್ಚಿಗೆ ಹಾಸಿರುವ ಶಹಾಬಾದ ಕಲ್ಲಿನ ಮೇಲೆ, ಅಂಬಾಸಿಡರಿನ ಮೂತಿಯ ಕೆಳಗೆ, ಹಸಿರು ಕಲೆ ಕಾಣಿಸತೊಡಗಿದ್ದು ಬೇಸಿಗೆಯ ಆರಂಭದಲ್ಲಿ. ಮುಟ್ಟಿದರೆ ಜಿಗುಟು, ಮೂಸಿದರೆ ಸಿಹಿ ವಾಸನೆ. ಅದು ಎಂಜಿನ್ ಎಣ್ಣೆಯಲ್ಲ, ಎಂಜಿನ್ ತಣಿಸಲು ರೇಡಿಯೇಟರಿನಲ್ಲಿ ಹರಿಯುವ ದ್ರವ, ಅಂದರೆ ಕೂಲಂಟ್ ಎಂಬುದರಲ್ಲಿ ಅನುಮಾನವಿರಲಿಲ್ಲ. ಕಾರು ನನ್ನ ತಂದೆಯವರು ಕೊಂಡ ಮಾರ್ಕ್ 4, 1489 ಸಿಸಿಯ ಪೆಟ್ರೋಲ್ ಎಂಜಿನ್ನಿನದು. ಅದರ ಮೂಲ ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆಯದು. ಕೆಲವು ವರ್ಷಗಳ ಹಿಂದೆ ಅದನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿ, ಬೇರೊಂದು ಊರಿನ ಗ್ಯಾರೇಜಿನಲ್ಲಿ ಅಲ್ಯೂಮಿನಿಯಂ ರೇಡಿಯೇಟರನ್ನೂ ಅದರ ಮುಂದೆ ಒಂದು ಎಲೆಕ್ಟ್ರಿಕ್ ಫ್ಯಾನನ್ನೂ ಕೂಡಿಸಲಾಗಿತ್ತು. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಕಲಬುರಗಿಯಲ್ಲಿ, ಸೂಪರ್ ಮಾರ್ಕೆಟ್ ಪ್ರದೇಶದ ದಟ್ಟಣೆಯೊಳಗೆ ಹಳೆಯ ಕಾರನ್ನು ನಿಲ್ಲಿಸಿ ನಿಲ್ಲಿಸಿ ಓಡಿಸುವವರಿಗೆ ಇಂಥ ಫ್ಯಾನು ಐಷಾರಾಮವಲ್ಲ, ಅವಶ್ಯಕತೆ.

ಕಲೆ ಅಂಗೈಯಗಲ ಇದ್ದಾಗಲೇ ಸೇಡಂನಲ್ಲಿ ಸಂಬಂಧಿಕರ ಮದುವೆ ಬಂದಿತು. ಹೊರಟೆವು. ಮಳಖೇಡ ಸಮೀಪಿಸುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಿತು. ರಸ್ತೆಬದಿಯ ಬೇವಿನ ನೆರಳಿಗೆ ಕಾರು ಸೇರಿಸಿ, ಮುಚ್ಚಳ ಮುಟ್ಟದೆ ಎಂಜಿನ್ ತಣಿಯುವವರೆಗೆ ಕಾದೆವು. ರೇಡಿಯೇಟರಿನ ಮುಚ್ಚಳವು ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ: ಚದರ ಇಂಚಿಗೆ 7 ಪೌಂಡು ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಬರಿ ನೀರು ಸಹ ಸುಮಾರು 111 ಡಿಗ್ರಿಯವರೆಗೆ ಕುದಿಯುವುದಿಲ್ಲ. ಎಲ್ಲಾದರೂ ಸೂಜಿಮೊನೆಯಷ್ಟು ತೂತು ಬಿದ್ದರೆ ಆ ಒತ್ತಡ ನಿಲ್ಲದೆ, ಕುದಿತ ಮತ್ತೆ 100ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಸೋರಿ ಹೋದ ನೀರಿಗಿಂತ ಸೋರಿ ಹೋದ ಒತ್ತಡವೇ ಹೆಚ್ಚು ತೊಂದರೆ ಕೊಡುತ್ತದೆ.

ಅಲ್ಲಿದ್ದ ಚಹಾದಂಗಡಿಯ ಹಿರಿಯರೊಬ್ಬರು ಬಾನೆಟ್ಟಿನೊಳಗೆ ಇಣುಕಿ, "ಒಂದ್ ಹಿಡಿ ಅರಿಶಿಣ ಪುಡಿ ಹಾಕ್ರಿ, ಸೋರೋದು ನಿಂದರ್ತದ" ಎಂದರು. ಲಾರಿ ಚಾಲಕರಿಗೆಲ್ಲ ಗೊತ್ತಿರುವ ಉಪಾಯವದು. ನೀರಿನಲ್ಲಿ ಉಬ್ಬಿದ ಪುಡಿ ತೂತಿಗೆ ಹೋಗಿ ಕೂರುತ್ತದೆ, ಆದರೆ ತೂತು ಯಾವುದು, ರೇಡಿಯೇಟರಿನೊಳಗೆ ನೀರು ಹರಿಯುವ ನಳಿಗೆ ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಸೇಡಂ ತಲುಪಲು ಬೇರೆ ದಾರಿಯಿರಲಿಲ್ಲವಾದ್ದರಿಂದ ಹಾಕಿದೆವು. ಮದುಮಗನಿಗಿಂತ ಮೊದಲು ಕಾರಿಗೇ ಅರಿಶಿಣವಾಯಿತೆಂದು ಹಿಂದಿನ ಸೀಟಿನವರು ನಕ್ಕರು.

ಊರಿಗೆ ಮರಳಿದ ಮೇಲೆ ಹುಮನಾಬಾದ ರಸ್ತೆಯ ಕಡೆ ರೇಡಿಯೇಟರ್ ಕೆಲಸವೊಂದನ್ನೇ ಮಾಡುವ ಉಸ್ತಾದರ ಅಂಗಡಿಗೆ ಹೋದೆ. ಬಿಚ್ಚಲು ಸ್ಪ್ಯಾನರ್ ತೆಗೆದುಕೊಳ್ಳುವರೆಂದುಕೊಂಡರೆ ಅವರು ತೆಗೆದದ್ದು ವಿದ್ಯುತ್ತನ್ನು ಅಳೆಯುವ ಮಲ್ಟಿಮೀಟರನ್ನು. ಕಪ್ಪು ತಂತಿಯನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದು, ಕೆಂಪು ತಂತಿಯ ಮೊನೆಯನ್ನು ಲೋಹಕ್ಕೆ ತಾಗದಂತೆ ಕೂಲಂಟಿನಲ್ಲಿ ಅದ್ದಿದರು. ಮೊದಲು ಕಂಡ ಅಂಕಿ ಅಲ್ಪವಾಗಿತ್ತು. ಫ್ಯಾನು ಚಾಲೂ ಮಾಡಲು ಹೇಳಿದರು. ಅಂಕಿ ಅರ್ಧ ವೋಲ್ಟನ್ನು ದಾಟಿತು. 0.3 ವೋಲ್ಟಿಗಿಂತ ಹೆಚ್ಚು ಬಂದರೆ ಕೂಲಂಟಿನ ಮೂಲಕ ವಿದ್ಯುತ್ತು ಹರಿಯುತ್ತಿದೆಯೆಂದು ಈ ಕಸುಬಿನವರು ಲೆಕ್ಕ ಹಾಕುತ್ತಾರೆ. ಉಸ್ತಾದರು ಏನೂ ಹೇಳದೆ ಫ್ಯಾನಿನ ಕಪ್ಪು ವೈರನ್ನು ಬೆರಳಲ್ಲಿ ಹಿಡಿದು ಅದರ ಕೊನೆಯವರೆಗೆ ಹೋದರು. ಅರ್ಥಿಂಗಿನ ಆ ವೈರನ್ನು ರೇಡಿಯೇಟರಿನ ಚೌಕಟ್ಟಿಗೇ ಬೋಲ್ಟ್ ಮಾಡಲಾಗಿತ್ತು.

ಚೌಕಟ್ಟಿನಿಂದ ಕಾರಿನ ಮೈಗೆ ಇದ್ದ ಸಂಪರ್ಕ ಬಣ್ಣ ಮತ್ತು ತುಕ್ಕಿನ ನಡುವೆ ಅರೆಬರೆಯಾಗಿತ್ತು. ಫ್ಯಾನಿನ ಕರೆಂಟು ಹಿಂತಿರುಗಲು ಸಲೀಸಾದ ದಾರಿ ಸಿಗದೆ, ಅದರಲ್ಲೊಂದು ಪಾಲು ರೇಡಿಯೇಟರಿನಿಂದ ಕೂಲಂಟಿಗೆ, ಕೂಲಂಟಿನಿಂದ ಎಂಜಿನ್ನಿಗೆ ಹರಿಯುತ್ತಿತ್ತು; ಹಾಗೆ ಹರಿಯುವಾಗ ಅಲ್ಯೂಮಿನಿಯಂ ಕಣಕಣವಾಗಿ ಕರಗುತ್ತಿತ್ತು. ಅಂಬಾಸಿಡರಿನ ಎಂಜಿನ್ನಿನ ಬ್ಲಾಕೂ ಹೆಡ್ಡೂ ಎರಡೂ ಎರಕದ ಕಬ್ಬಿಣದವು. ಒಂದೇ ನೀರಿನಲ್ಲಿ ಕಬ್ಬಿಣದ ಜೊತೆ ಅಲ್ಯೂಮಿನಿಯಂ ಇದ್ದರೆ ಸವೆಯುವ ಸರದಿ ಮೊದಲೇ ಅಲ್ಯೂಮಿನಿಯಮ್ಮಿನದು. ಅದನ್ನು ತಡೆಯಲೆಂದೇ ಕೂಲಂಟಿನಲ್ಲಿ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಹೊರಗಿನ ಕರೆಂಟಿನೆದುರು ಅವು ಏನು ಮಾಡಿಯಾವು?

ಆಮೇಲೆ ರೇಡಿಯೇಟರನ್ನು ಬಿಚ್ಚಿ, ಬಾಯಿಗಳನ್ನು ಮುಚ್ಚಿ, ಗಾಳಿ ತುಂಬಿ ತೊಟ್ಟಿಯ ನೀರಿನಲ್ಲಿ ಮುಳುಗಿಸಿದರು. ಫ್ಯಾನಿನ ಬೋಲ್ಟಿದ್ದ ಬದಿಯಲ್ಲೇ, ಜಾಲಿಯ ಒಳಭಾಗದಿಂದ, ಗುಳ್ಳೆಗಳು ಸಾಲಾಗಿ ಎದ್ದವು. "ಟಾಂಕಿ ಸೋರಿದ್ರ ಆರ್ಗಾನ್ ವೆಲ್ಡಿಂಗ್ ಮಾಡಿಸಬಹುದಿತ್ರೀ ಸರ್. ಇದು ನಳಿಗಿ ನಡುವ ತೂತು ಬಿದ್ದದ. ಒಂದ್ ಮುಚ್ಚಿದ್ರ ಬಾಜೂದ್ದು ಬಿಚ್ಕೋತದ" ಎಂದರು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಆದರೆ ಅದರ ಮೈಮೇಲೆ ತಾನಾಗಿ ಕಟ್ಟಿಕೊಳ್ಳುವ ಆಕ್ಸೈಡಿನ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಬೇಕು. ಈ ಪೊರೆಯಿಂದಾಗಿಯೇ ಸೀಸ-ತವರದ ಸಾಮಾನ್ಯ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ. ಆರ್ಗಾನ್ ವೆಲ್ಡಿಂಗಿನ ಕಾವನ್ನು ದಪ್ಪನೆಯ ಟಾಂಕಿ ತಾಳಿಕೊಳ್ಳುತ್ತದೆ. ಕಾಗದದಷ್ಟು ತೆಳುವಾದ ನಳಿಗೆಗಳು ತಾಳುವುದಿಲ್ಲ.

ಇದನ್ನೆಲ್ಲ ಕೇಳಿ, ಅಲ್ಯೂಮಿನಿಯಂ ಎಂದರೆ ಕಳಪೆ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ನಾನು ಒಪ್ಪುವುದಿಲ್ಲ. ಶಾಖವನ್ನು ಸಾಗಿಸುವುದರಲ್ಲಿ ಅದು ತಾಮ್ರಕ್ಕಿಂತ ಹಿಂದಿದ್ದರೂ ತೂಕದಲ್ಲಿ ತಾಮ್ರದ ಮೂರನೆಯ ಒಂದು ಪಾಲಿಗೂ ಕಡಿಮೆ, ಮತ್ತು ಅಗಲವಾದ ನಳಿಗೆಗಳ ವಿನ್ಯಾಸದಿಂದ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಹೊಸದೊಂದನ್ನು ತರಿಸಿ, ವೈರನ್ನು ಹಾಗೆಯೇ ಬಿಟ್ಟಿದ್ದರೆ ಅದೂ ಸೋರುತ್ತಿತ್ತು, ಅಷ್ಟೇ. ನಾನು ಅಟ್ಟದ ಹಳೆಯ ರೇಡಿಯೇಟರನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಬೇರೆ: ಅದು ಎಲ್ಲಿ ಕೆಟ್ಟರೂ ಬೆಸುಗೆ ಬಲ್ಲವರೊಬ್ಬರು ಸರಿಮಾಡಿಕೊಡಬಲ್ಲರು.

ಆ ಕೆಲಸವನ್ನು ನಿಂತು ನೋಡಿದೆ. ಉಸ್ತಾದರು ಬೆಂಕಿಯ ಜ್ವಾಲೆಯನ್ನು ಅಂಚಿನ ಗುಂಟ ಆಡಿಸುತ್ತ ಬೆಸುಗೆಯನ್ನು ಕರಗಿಸಿ, ಮೇಲಿನ ಹಿತ್ತಾಳೆಯ ಟಾಂಕಿಯನ್ನು ಡಬ್ಬಿಯ ಮುಚ್ಚಳದಂತೆ ಎತ್ತಿದರು. ಒಳಗೆ ಸಾಲುಸಾಲು ನಳಿಗೆಗಳ ಬಾಯಿಗೆ ಬಿಳಿಯ ಗಾರೆ ಕಟ್ಟಿತ್ತು. ಶಹಾಬಾದ, ವಾಡಿ, ಸೇಡಂ ಸೀಮೆಯ ನೆಲದಡಿ ಇರುವುದೇ ಸುಣ್ಣದಕಲ್ಲು. ದಶಕಗಳ ಕಾಲ ದಾರಿಯಲ್ಲಿ ಸಿಕ್ಕ ಬೋರ್ ನೀರನ್ನು ಕುಡಿದ ರೇಡಿಯೇಟರಿನಲ್ಲಿ ಅದೇ ಸುಣ್ಣ ಬಂದು ಕುಳಿತಿತ್ತು. ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ಒಂದೊಂದೇ ನಳಿಗೆಯಲ್ಲಿ ತೂರಿಸಿ ಕೆಳಗಿನವರೆಗೂ ಕೆರೆದರು, ಚೂರುಗಳು ಉದುರಿದವು. ಅವಸರ ಮಾಡಿದರೆ ನಳಿಗೆಯೇ ಸೀಳುವುದರಿಂದ ಆ ಕೆಲಸ ಮಧ್ಯಾಹ್ನವನ್ನೆಲ್ಲ ತಿಂದಿತು. ಟಾಂಕಿಯನ್ನು ಮತ್ತೆ ಬೆಸೆದು ತೊಟ್ಟಿಗಿಳಿಸಿದಾಗ ಒಂದೂ ಗುಳ್ಳೆ ಏಳಲಿಲ್ಲ.

ಎಂಜಿನ್ನಿನೊಳಗೆ ಉಳಿದಿದ್ದ ಅರಿಶಿಣವನ್ನು ನೀರು ಹಾಯಿಸಿ ತೆಗೆಯಲಾಯಿತು. ಫ್ಯಾನಿನ ಕಪ್ಪು ವೈರು ಈಗ ನೇರವಾಗಿ ಬ್ಯಾಟರಿಯ ಮೈನಸ್ಸಿಗೆ ಹೋಗುತ್ತದೆ. ಕೂಲಂಟನ್ನು ಸಮಪಾಲು ಡಿಸ್ಟಿಲ್ಡ್ ವಾಟರಿನೊಂದಿಗೆ ಬೆರೆಸಿ ತುಂಬಿ, ಮುಚ್ಚಳ ತೆರೆದೇ ಎಂಜಿನ್ ಓಡಿಸಿ, ಮೇಲಿನ ಹೋಸ್ ಬಿಸಿಯಾಗಿ ಒಳಗಿನ ಗಾಳಿ ಹೊರಬಂದ ಮೇಲೆ ಇಳಿದಷ್ಟನ್ನು ಮತ್ತೆ ತುಂಬಿದರು. ಕೊನೆಗೆ ಫ್ಯಾನು ತಿರುಗುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದರೆ ಅಂಕಿ 0.1ಕ್ಕಿಂತ ಕೆಳಗಿತ್ತು. ತೂತಾದ ಅಲ್ಯೂಮಿನಿಯಂ ರೇಡಿಯೇಟರನ್ನು ಉಸ್ತಾದರೇ ಇಟ್ಟುಕೊಂಡು, ಗುಜರಿಯ ತೂಕದ ಬೆಲೆಯನ್ನು ಮಜೂರಿಯಲ್ಲಿ ಕಳೆದರು.