ಕಾಂಟೆಸ್ಸಾದ ಬ್ಯಾಟರಿಯನ್ನು ಡಿಕ್ಕಿಗೆ ಹಾಕಿದ ಕಥೆ

ಹೋದ ವಾರ ಚಿಕ್ಕಪ್ಪನ ಮಗ ತನ್ನ ಸ್ವಿಫ್ಟ್ ತಗೊಂಡು ಬಳ್ಳಾರಿಗೆ ಬಂದಿದ್ದ. ನನ್ನ ಕಾಂಟೆಸ್ಸಾ ಕಾರಿನ ಡಿಕ್ಕಿ ತೆಗೆದು ನೋಡಿದವನೇ "ಅಣ್ಣಾ, ನಂದ್ರಾಗೂ ಬ್ಯಾಟರಿ ಹಿಂದ ಹಾಕ್ಸಿಬಿಡಾನೇನು?" ಅಂದ. ಬೇಡ ಅಂದೆ. ಮುಖ ಸಣ್ಣದು ಮಾಡಿಕೊಂಡ.

ನಾನು ಬ್ಯಾಟರಿ ಹಿಂದಕ್ಕೆ ಹಾಕಿಸಿದ್ದು ಡ್ರ್ಯಾಗ್ ರೇಸಿಗಾಗಿ. ಡ್ರ್ಯಾಗ್ ರೇಸ್ ಅಂದ್ರೆ 402 ಮೀಟರ್ ನೇರ ಓಟ. (ಟ್ರ್ಯಾಕ್ ಮೇಲೆ ಮಾತ್ರ. ಹೊಸಪೇಟೆ ರೋಡಲ್ಲಿ ರಾತ್ರಿ ಹಾರಾಡೋರ ಬಗ್ಗೆ ನಾನು ಮಾತಾಡ್ತಿಲ್ಲ.) ಕ್ಲಚ್ ಬಿಟ್ಟ ಕೂಡಲೇ ಚಕ್ರ ನಿಂತಲ್ಲೇ ಸುಮ್ನೆ ತಿರುಗಿದರೆ ಕಥೆ ಅಲ್ಲೇ ಮುಗೀತು. ಕಾಂಟೆಸ್ಸಾದಲ್ಲಿ ಗಾಡಿ ತಳ್ಳೋದು ಹಿಂದಿನ ಚಕ್ರ, ಅದರ ಮೇಲೆ ಭಾರ ಬಿದ್ದಷ್ಟೂ ಟೈರ್ ನೆಲ ಕಚ್ಚುತ್ತದೆ. ಮರಳಿನ ಚೀಲ ಇಟ್ಟರೂ ಕಚ್ಚುತ್ತದೆ, ಆದರೆ ಗಾಡಿ ತೂಕ ಏರುತ್ತದಲ್ಲ. ಬ್ಯಾಟರಿಯನ್ನು ಹೇಗಿದ್ದರೂ ಹೊರಲೇಬೇಕು. ಮುಂದಿನ ಆಕ್ಸಲ್ ಮೇಲಿದ್ದ 15 ಕೆಜಿ ಬ್ಯಾಟರಿ ಹಿಂದಿನ ಆಕ್ಸಲ್ ದಾಟಿ ಎರಡು ಅಡಿ ಹಿಂದೆ ಕೂತರೆ, ಏತದ ಲೆಕ್ಕದಲ್ಲಿ ಹಿಂದಿನ ಚಕ್ರಗಳಿಗೆ ಸುಮಾರು 18 ಕೆಜಿ ಸಿಗುತ್ತದೆ, ಮುಂದೆ ಅಷ್ಟೇ ಇಳಿಯುತ್ತದೆ. ಸ್ವಿಫ್ಟ್‌ನಲ್ಲಿ ಎಳೆಯೋದೇ ಮುಂದಿನ ಚಕ್ರ. ಅಲ್ಲಿ ಇದನ್ನು ಮಾಡಿದರೆ ದುಡ್ಡು ಕೊಟ್ಟು ಗಾಡಿ ಕೆಡಿಸಿಕೊಂಡ ಹಾಗೆ.

ತೂಕದ ಮಾತು ಇಷ್ಟೇ. ನನ್ನ ಜೀವ ತಿಂದಿದ್ದು ಕೇಬಲ್.

ಮೊದಲು ಕೆಲಸ ಮಾಡಿಕೊಟ್ಟವರು ಡಿಕ್ಕಿಯಿಂದ ಮುಂದೆ ಎಂಜಿನ್ ಸ್ಟಾರ್ಟ್ ಮಾಡೋ ಸೆಲ್ಫ್ ಮೋಟಾರ್‌ವರೆಗೆ 16 ಸ್ಕ್ವೇರ್ ಎಂಎಂ ಕೇಬಲ್ ಎಳೆದಿದ್ದರು. ಚಳಿಗಾಲದಲ್ಲಿ ತೊಂದರೆ ಇರಲಿಲ್ಲ. ಏಪ್ರಿಲ್ ಬಂತು, ನಮ್ಮೂರಿನ ಬಿಸಿಲು ಗೊತ್ತಲ್ವಾ, ಒಂದು ಮಧ್ಯಾಹ್ನ ಬಿಸಿ ಎಂಜಿನ್ ಆಫ್ ಮಾಡಿ ಮತ್ತೆ ಕೀ ತಿರುಗಿಸಿದರೆ ಸೆಲ್ಫ್ ಟಕ್ ಟಕ್ ಅಂತು ಅಷ್ಟೇ. ಬ್ಯಾಟರಿ ಹೋಯ್ತು ಅಂದುಕೊಂಡು ಹೊಸದು ಹಾಕಿಸಿದೆ. ಅದೂ ಟಕ್ ಟಕ್. ಆಮೇಲೆ ಮೀಟರ್ ಹಿಡಿದು ನೋಡಿದೆ. ಸೆಲ್ಫ್ ಹೊಡೆಯುವಾಗ ಡಿಕ್ಕಿಯಲ್ಲಿ 10.8 ವೋಲ್ಟ್, ಸೆಲ್ಫ್ ಮೋಟಾರ್ ಹತ್ತಿರ 9.3. ಒಂದೂವರೆ ವೋಲ್ಟ್ ದಾರಿಯಲ್ಲೇ ಖಾಲಿ! 5 ಮೀಟರ್ ಉದ್ದದ 16 ಸ್ಕ್ವೇರ್ ಎಂಎಂ ತಾಮ್ರದಲ್ಲಿ 200 ಆಂಪಿಯರ್ ಹರಿದರೆ ಒಂದು ವೋಲ್ಟ್ ಮೇಲೆ ಬೀಳುತ್ತದೆ, ಉಳಿದಿದ್ದನ್ನು ಕೇಬಲ್ ತುದಿಯ ಸಡಿಲ ಲಗ್‌ಗಳು ತಿಂದಿದ್ದವು. ಕೌಲ್ ಬಜಾರ್ ಕಡೆ ಹೋಗಿ 50 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್ ತಂದೆ. ಅದರಲ್ಲಿ ಬೀಳೋದು 0.35 ವೋಲ್ಟ್ ಕೂಡ ಇಲ್ಲ. ಅರ್ತ್ (ಬ್ಯಾಟರಿಯ ಮೈನಸ್ ವೈರ್) ಕೂರಿಸೋ ಜಾಗದಲ್ಲಿ ಪೇಂಟ್ ಕೆರೆದು ತಗಡು ಹೊಳೆಯೋ ಹಾಗೆ ಮಾಡಿದೆ, ಎಂಜಿನ್ ಮತ್ತು ಬಾಡಿ ನಡುವಿನ ಅರ್ತ್ ಪಟ್ಟಿಯನ್ನೂ ಬದಲಾಯಿಸಿದೆ.

ಹಳೇ ಕೇಬಲ್ ಬಿಚ್ಚುವಾಗ ಕಂಡಿದ್ದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಾನೆಟ್ ಒಳಗೆ ಹೋಗೋ ತೂತಿಗೆ ರಬ್ಬರ್ ಬುಷ್ ಹಾಕಿರಲಿಲ್ಲ. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಕೇಬಲ್ ಸಿಪ್ಪೆ ಸವೆದು, ಹೆಸರುಕಾಳಿನಷ್ಟು ತಾಮ್ರ ಮಿಣಮಿಣ ಅಂತಿತ್ತು. ಬಾಡಿ ಪೂರ್ತಿ ಅರ್ತ್, ತಾಗಿದರೆ ಶಾರ್ಟ್. ಇನ್ನೊಂದು ಸ್ವಲ್ಪ ಉಜ್ಜಿದ್ದರೆ ಕಾರ್ಪೆಟ್ ಕೆಳಗಿನ ಕೇಬಲ್ ಕಾದು ಕೆಂಪಾಗಿ, ನಾನು ಒಳಗೇ ಇರ್ತಿದ್ದೆ. ಫ್ಯೂಸ್ ಕೂಡ ಇರಲಿಲ್ಲ. ಈಗ ಬ್ಯಾಟರಿಯಿಂದ ಒಂದು ಗೇಣಿನೊಳಗೆ 250 ಆಂಪಿಯರ್ ಫ್ಯೂಸ್ ಇದೆ, ಎಲ್ಲ ತೂತಿಗೂ ಬುಷ್ ಇದೆ.

ಕರೆಂಟ್ ಪೂರ್ತಿ ಕಟ್ ಮಾಡೋ ಕಟಾಫ್ ಸ್ವಿಚ್ಚಿನದು ಇನ್ನೊಂದು ತಮಾಷೆ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಲ್ಲಿ, ಬ್ಯಾಟರಿ ಜಾಗ ಬದಲಿಸಿದ ಗಾಡಿಗೆ ಹಿಂದೆ ಹೊರಗಡೆ ಸ್ವಿಚ್ ಇರಬೇಕು, ಅದನ್ನು ಆಫ್ ಮಾಡಿದರೆ ಓಡ್ತಿರೋ ಎಂಜಿನ್ ನಿಲ್ಲಬೇಕು. ನಾನೂ ಹಾಕಿಸಿ ಆಫ್ ಮಾಡಿದೆ, ಎಂಜಿನ್ ಆರಾಮಾಗಿ ಓಡ್ತಾನೇ ಇತ್ತು. ಬ್ಯಾಟರಿ ಕಟ್ಟಾದರೂ ಡೈನಮೋ ಕರೆಂಟ್ ಕೊಡ್ತಿರುತ್ತೆ ನೋಡಿ. ಡೈನಮೋದಿಂದ ಬರೋ ಚಾರ್ಜಿಂಗ್ ವೈರನ್ನು ಸ್ವಿಚ್ಚಿನ ಬ್ಯಾಟರಿ ಕಡೆಗೆ ಕೊಟ್ಟ ಮೇಲೆ ನಿಂತಿತು.

ನೀರು ಹಾಕೋ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮುಚ್ಚಿದ ಡಿಕ್ಕಿಯಲ್ಲಿ ಅದು ಬೇಡ. ನಾನು ನೀರು ಹಾಕೋದೇ ಬೇಡದ ಸೀಲ್ಡ್ ಎಜಿಎಂ ಬ್ಯಾಟರಿ ತಗೊಂಡು ಬೋಲ್ಟ್ ಹಾಕಿ ಬಿಗಿದಿದ್ದೀನಿ.

ಇಷ್ಟೆಲ್ಲ ಕೇಳಿದ ತಮ್ಮ "ಹಂಗಾರ ನಂದಕ್ಕ ಏನ್ ಮಾಡ್ಲಿ?" ಅಂದ. ರೇಸ್ ದಿನ ಹಿಂದಿನ ತೂಕ ಇಳಿಸು, ಸ್ಟೆಪ್ನಿ, ಜಾಕಿ ಎಲ್ಲ ತೆಗೆದಿಡು ಅಂದೆ. ಡಿಕ್ಕಿ ತೆಗೆದ. ಅರ್ಧ ಡಿಕ್ಕಿ ತುಂಬ ವೂಫರ್ ಬಾಕ್ಸ್, ಪಕ್ಕದಲ್ಲಿ ಆಂಪ್ಲಿಫೈಯರ್.

"ಅದೊಂದ್ ಬಿಟ್ಟು ಬ್ಯಾರೆ ಏನಾರ ಹೇಳಣ್ಣ" ಅಂದ.