ಡಯಾಲಿಸಿಸ್ ವಾರ್ಡಿನ ನಗು

ಮಂಗಳೂರಿನ ಒಂದು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ, ಅಂದರೆ ಕಿಡ್ನಿ ಸೋತವರ ರಕ್ತವನ್ನು ಮಿಷನ್‌ನಿಂದ ಶುದ್ಧ ಮಾಡುವ ವಾರ್ಡಿನಲ್ಲಿ, ನಾನು ನರ್ಸ್. ಇಲ್ಲಿಗೆ ಬರುವವರು ವಾರಕ್ಕೆ ಎರಡು ಮೂರು ಸಲ ಬರಲೇಬೇಕು. ಪ್ರತಿ ಸಲ ಸುಮಾರು 4 ಗಂಟೆ ಮಿಷನ್ ಪಕ್ಕ ಮಲಗಬೇಕು. ವರ್ಷಗಟ್ಟಲೆ ಅವೇ ಮುಖ ನೋಡುವಾಗ ತಮಾಷೆ ತಾನಾಗಿಯೇ ಬರುತ್ತದೆ, ಅಲ್ವಾ? ಅದನ್ನು ಹೇಗೆ ಬಳಸಬೇಕು ಎಂದು ಮಾತ್ರ ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ.

ನಮ್ಮಲ್ಲಿ ನಗು ಹುಟ್ಟುವುದು ತೂಕದ ಮಿಷನ್ ಹತ್ತಿರ. ಕಿಡ್ನಿ ಸೋತವರಿಗೆ ಕುಡಿದದ್ದು ಮೈಯಲ್ಲೇ ಉಳಿಯುತ್ತದೆ. 1 ಲೀಟರ್ ನೀರು ನಿಂತರೆ ತೂಕ 1 ಕಿಲೋ ಏರುತ್ತದೆ. "ನೀರು ಮುಟ್ಟಲೇ ಇಲ್ಲ" ಎನ್ನುತ್ತಾರೆ, ಆದರೆ ಕುಚ್ಚಲಕ್ಕಿ ಗಂಜಿಯ ತಿಳಿಯೂ ನೀರೇ. ಜೊತೆಗೆ ಉಪ್ಪಿನಕಾಯಿ, ಒಣಮೀನು ಇದ್ದರೆ ಬಾಯಾರಿಕೆ ಬೇರೆ.

ಒಮ್ಮೆ ಒಬ್ಬ ಅಜ್ಜನ ತೂಕ 3 ಕಿಲೋ ಜಾಸ್ತಿ ತೋರಿಸಿತು. ನಾನು ಬಾಯಿ ತೆರೆಯುವ ಮೊದಲೇ ಅವರು, "ಸಿಸ್ಟರ್, ಈ ಮಿಷನ್‌ಗೆ ನನ್ನ ಮೇಲೆ ಹಗೆ ಮಾರಾಯ್ರೆ" ಎಂದರು. "ಹಗೆ ಎಂಥದು ಅಜ್ಜ, ಗಂಜಿ ಹೇಳಿಕೊಟ್ಟದ್ದನ್ನು ಅದು ಹೇಳ್ತಾ ಉಂಟು" ಎಂದೆ. ಅಕ್ಕಪಕ್ಕದ ಬೆಡ್‌ನವರೂ ನಕ್ಕರು. ಆ ನಗುವಿನ ನಡುವೆಯೇ ಅಜ್ಜ ಮೆಲ್ಲಗೆ ಹೇಳಿದರು, "ನಿನ್ನೆ ಎರಡು ಬೊಂಡ ಕುಡಿದೆ." ಬೊಂಡದಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಸೋತವರಿಗೆ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಕೂಡಲೇ ಡಾಕ್ಟರಿಗೆ ತಿಳಿಸಿದೆ, ಇಸಿಜಿ ಮಾಡಿಸಿದರು. ಗದರಿದ್ದರೆ ಅಜ್ಜ ಬೊಂಡದ ಮಾತು ಎತ್ತುತ್ತಿರಲಿಲ್ಲ. ನನಗೆ ಇದರಲ್ಲಿ ಸಂಶಯವೇ ಇಲ್ಲ.

ಆದರೂ ತಮಾಷೆ ಅವರಿಂದಲೇ ಶುರುವಾಗಲಿ ಎಂದು ಕಾಯುತ್ತೇನೆ. ಊಟ, ಮಳೆ, ಮಿಷನ್ ಬಗ್ಗೆ ಎಷ್ಟು ಬೇಕಾದರೂ ನಗಬಹುದು. ಫಿಸ್ಟುಲಾದಿಂದ, ಅಂದರೆ ಡಯಾಲಿಸಿಸ್ ಸೂಜಿ ಹಾಕಲೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳದಿಂದ, ಉಬ್ಬಿದ ಕೈಯ ಬಗ್ಗೆ ಬೇಡ. ಆ ಕೈ ಮುಟ್ಟಿ ರಕ್ತದ ಝುಂ ಅನ್ನುವಿಕೆ ನೋಡುವಾಗ, ಎರಡು ದಪ್ಪ ಸೂಜಿ ಹಾಕುವಾಗ, ಅಲಾರಂ ಕೂಗುವಾಗ ನನ್ನ ಬಾಯಿ ಮುಚ್ಚಿರುತ್ತದೆ. "ಮುಂದಿನ ವರ್ಷ ನನ್ನ ಬೆಡ್ ಇವರಿಗೇ ಕೊಡಿ" ಎಂದು ಯಾರಾದರೂ ನಗುತ್ತಾ ಹೇಳಿದರೆ ನಾನು ನಗುವುದಿಲ್ಲ. ಸ್ಟೂಲ್ ಎಳೆದು ಕೂತು, "ಯಾಕೆ ಹಾಗೆ ಹೇಳ್ತೀರಿ?" ಎಂದು ಕೇಳುತ್ತೇನೆ. ಅದರ ಹಿಂದೆ ಹೆಚ್ಚಾಗಿ ಖರ್ಚಿನ ಚಿಂತೆಯೋ ಮನೆಯವರ ಬೇಸರವೋ ಇರುತ್ತದೆ.

ನಾವು ನಾವೇ ಚಾ ಕುಡಿಯುವಾಗ ಆಡುವ ಮಾತು ಬೇರೆ. ರೋಗಿಯೊಬ್ಬರು ತೀರಿಕೊಂಡ ದಿನವೂ ಕೆಲವೊಮ್ಮೆ ನಗುತ್ತೇವೆ. ಇಲ್ಲದಿದ್ದರೆ ಮುಂದಿನ ಶಿಫ್ಟಿಗೆ ಎದ್ದು ನಿಲ್ಲುವುದು ಕಷ್ಟ. ಅದನ್ನು ತಪ್ಪು ಎನ್ನಲಾರೆ. ಬಾಗಿಲು ಹಾಕಿರಬೇಕು, ರೋಗಿಯ ಹೆಸರು ಬರಬಾರದು, ಅಷ್ಟೇ. ಹೊರಗೆ ಕಾರಿಡಾರಿನಲ್ಲಿ ಯಾರದೋ ಮಗ ನಿಂತಿರುತ್ತಾನೆ.

ಇನ್ನೊಂದು ವಿಷಯ ನಮ್ಮ ಊರಿನದೇ. ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ನಡೆಯುತ್ತದೆ, ಕಾಸರಗೋಡಿನವರ ಮಲಯಾಳವೂ ಉಂಟು. ಇಬ್ಬರು ತುಳುವಿನಲ್ಲಿ ನಕ್ಕರೆ, ತುಳು ಬಾರದ ಮೂರನೆಯವರಿಗೆ ತನ್ನನ್ನೇ ನೋಡಿ ನಕ್ಕಂತೆ ಅನಿಸುತ್ತದೆ. ಹಾಗಾಗಿ ಹೊಸದಾಗಿ ಸೇರಿದ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ: ನಕ್ಕದ್ದು ಯಾಕೆಂದು ಪಕ್ಕದ ಬೆಡ್‌ನವರಿಗೂ ಅವರ ಭಾಷೆಯಲ್ಲಿ ಹೇಳಿಯೇ ಮುಂದೆ ಹೋಗಿ.