ಬಾಟ್‌ಗೆ ಅರ್ಧ ಎಣಿಕೆ ಮಾತ್ರ ಕಲಿಸಿದ್ದೆವು

ಫಿಲಿಪೀನ್ಸ್‌ನ ಸೆಬುವಾನೊ ಭಾಷೆಗೆ ಮಾಡಿದ ಬಾಟ್‌ನ ಯುಎಟಿ (ರಿಲೀಸ್‌ಗೆ ಮುಂಚೆ ಬಳಕೆದಾರರ ಕಡೆಯಿಂದ ನಡೆಯುವ ಪರೀಕ್ಷೆ) ಕಾಲ್ ನಡೀತಿತ್ತು. ಸೆಬು ಸಿಟಿಯ ಟೆಸ್ಟರ್ ನಾಲ್ಕು ಗಂಟೆಗೆ ಅಪಾಯಿಂಟ್‌ಮೆಂಟ್ ಕೇಳಿದರು: 'ಅಲಾಸ್ ಕ್ವಾತ್ರೊ'. ಬಾಟ್ ಸೆಬುವಾನೊದಲ್ಲಿ ಕ್ಷಮೆ ಕೇಳಿ, ಮತ್ತೆ ಗಂಟೆ ಕೇಳಿತು. ಅವರು ಬಿಡಿಸಿ ಹೇಳಿದರು. ಮತ್ತೆ ಅದೇ ಕ್ಷಮೆ. ಕ್ಲೈಂಟ್ ಮ್ಯೂಟ್‌ಗೆ ಹೋದರು. ಬೆಂಗಳೂರಿನ ನಮ್ಮ ರೂಮಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಲಾಗ್ ತೆಗೆದು ನೋಡಿದರೆ ಮಾಡೆಲ್ ಸರಿಯಾಗಿಯೇ ಕೇಳಿಸಿಕೊಂಡಿತ್ತು. ಆದರೆ ಸಂಖ್ಯೆಯ ಪದವನ್ನು ಅಂಕಿಗೆ ಬದಲಿಸುವ ನಾರ್ಮಲೈಸರ್‌ನ ಪಟ್ಟಿಯಲ್ಲಿ ನಾಲ್ಕಕ್ಕೆ ದೇಸಿ ಪದ 'ಉಪತ್' ಮಾತ್ರ ಇತ್ತು, ಸ್ಪ್ಯಾನಿಷ್‌ನಿಂದ ಬಂದ 'ಕ್ವಾತ್ರೊ' ಇರಲಿಲ್ಲ. ಸ್ಪ್ಯಾನಿಷ್ ಮೂಲದ ಪದಗಳಿಗೆಲ್ಲ 'ಫಾರಿನ್' ಟ್ಯಾಗ್ ಹಾಕಿ ಅಂತ ಗೈಡ್‌ಲೈನ್ ಹೇಳಿತ್ತು. ಡೇಟಾಗೆ ಟ್ಯಾಗ್ ಹಾಕುವ ಸೆಬುವಿನ ಆನೊಟೇಟರ್‌ಗಳು ಮೊದಲೇ ಬೇಡ ಅಂತ ಕಾಮೆಂಟ್ ಹಾಕಿದ್ದರು. ಮೇಲಿನವರು ಅದನ್ನು ತೆರೆದೇ ನೋಡಿರಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ.

ಸೆಬುವಾನೊದಲ್ಲಿ ಎಣಿಕೆ ಎರಡು ಥರ. ವಸ್ತು ಎಣಿಸಲು ಉಸಾ, ದುಹಾ, ತುಲೊ, ಉಪತ್, ಲಿಮಾ. ಮೂರು ಮೊಟ್ಟೆ ಅಂದರೆ 'ತುಲೊ ಕಾ ಇತ್ಲೊಗ್'. ಇವು ಆಸ್ಟ್ರೋನೇಷಿಯನ್ ಭಾಷಾ ಕುಟುಂಬದ ಪದಗಳು. ಐದಕ್ಕೆ ಮಲಯದಲ್ಲೂ ಹವಾಯಿಯಲ್ಲೂ 'ಲಿಮಾ' ಅಂತಲೇ ಹೇಳುತ್ತಾರೆ. 1521ರಲ್ಲಿ ಮೆಗಲನ್ ಜೊತೆ ಬಂದ ಇಟಲಿಯ ಪಿಗಫೆಟ್ಟಾ ಸೆಬುವಿನ ಜನರಿಂದ ಬರೆದುಕೊಂಡ ಸಂಖ್ಯೆಗಳನ್ನು ಇವತ್ತಿನ ಸೆಬು ಜನ ಸುಲಭವಾಗಿ ಗುರುತಿಸುತ್ತಾರೆ.

ಗಡಿಯಾರ, ತಾರೀಖು, ದುಡ್ಡಿನ ಲೆಕ್ಕದಲ್ಲಿ ಮಾತ್ರ ಸ್ಪ್ಯಾನಿಷ್ ಸಾಲು ಜಾಸ್ತಿ: ಉನೊ, ದೊಸ್, ತ್ರೆಸ್. 1565ರಲ್ಲಿ ಸ್ಪೇನಿನ ಲೆಗಾಸ್ಪಿ ಸೆಬುವಿನಲ್ಲಿ ನೆಲೆ ಹೂಡಿದ. ಸ್ಪೇನಿನ ಆಳ್ವಿಕೆ 1898ರವರೆಗೆ ನಡೆಯಿತು. ಅಷ್ಟು ಕಾಲ ಬಾಯಲ್ಲಿ ಉಳಿದದ್ದನ್ನು ಫಾರಿನ್ ಅನ್ನುವುದು ಹೇಗೆ? ಸಂಸ್ಕೃತದಿಂದ ಬಂದ ಲಕ್ಷವನ್ನು ನಾವು ಹಾಗೆ ಅಂತೀವಾ? ಆ ಲಕ್ಷವೂ ಫಿಲಿಪೀನ್ಸ್‌ಗೆ ಹೋಗಿದೆ. ಅಲ್ಲಿನ ಇನ್ನೊಂದು ಭಾಷೆ ಟಗಾಲೊಗ್‌ನಲ್ಲಿ 'ಲಕ್ಸಾ' ಅಂದರೆ 10,000.

ದೇಸಿ ಸಾಲಿನಲ್ಲೂ ಟೂಲ್ ಎಡವುತ್ತಿತ್ತು. ದುಹಾದಿಂದ ಇಪ್ಪತ್ತು 'ಕವ್ಹಾಆನ್', ತುಲೊದಿಂದ ಮೂವತ್ತು 'ಕತ್ಲೊಆನ್'. ಸುಮ್ನೆ ಮೂಲ ಪದ ಹುಡುಕಿದರೆ ಸಿಗುವುದಿಲ್ಲ. ಒಂದೊಂದನ್ನೂ ಕೈಯಲ್ಲೇ ಸೇರಿಸಬೇಕಾಯಿತು. ಯಾವ ಸಂದರ್ಭಕ್ಕೆ ಯಾವ ಸಾಲು ಅಂತ ಸೆಬುವಿನ ಲೀಡ್ ಮ್ಯಾಮ್ ಒಂದು ಶೀಟ್ ಮಾಡಿ ಕೊಟ್ಟರು. ರಿಲೀಸ್ ಉಳಿಸಿದ್ದು ಅದೇ. ರಿಲೀಸ್ ಮೇಲ್‌ನಲ್ಲಿ ಅವರ ಹೆಸರಿರಲಿಲ್ಲ. ನಾನು ರಿಪ್ಲೈ ಆಲ್ ಮಾಡಿ ಸೇರಿಸಿದೆ.

ಈಗ ಫಿಲಿಪೀನ್ಸ್‌ನದೇ ಇನ್ನೊಂದು ಭಾಷೆ ಹಿಲಿಗಾಯ್ನೊನ್‌ನ ಪ್ರಾಜೆಕ್ಟ್ ಬಂದಿದೆ. ಗೈಡ್‌ಲೈನ್‌ನಲ್ಲಿ ಸಂಖ್ಯೆಗೆ ಮತ್ತೆ ಒಂದೇ ಕಾಲಂ. ಆ ಭಾಷೆ ಆಡುವ ಇಲೊಯಿಲೊ ಊರಿನ ಟೀಮ್ ನೋಡಿ ಸರಿ ಅನ್ನುವವರೆಗೆ ನಾನು ಸೈನ್ ಆಫ್ ಕೊಡುವುದಿಲ್ಲ ಅಂತ ಬರೆದು ವಾಪಸ್ ಕಳಿಸಿದ್ದೇನೆ.